ಮಲೆನಾಡು ಹೆದ್ದಾರಿಗೆ ಸೈಕಲ್ ರೇಸ್ ಬರಬೇಕೇ?

ಟೂರ್ ದ ಫ್ರಾನ್ಸ್ ಥರ ದಿನಗಟ್ಟಲೆ ನಡೆಯುವ ವೃತ್ತಿಪರ ಸೈಕಲ್ ರೇಸ್ ಕಾಸರಗೋಡಿನ ಗುಡ್ಡದ ರಸ್ತೆಗೂ ಬರಲಿ ಅನ್ನುವವರು ಒಬ್ಬರು. ಬೇಡವೇ ಬೇಡ ಅನ್ನುವವರು ಅವರ ಭಾವ, ಪೆರ್ಲ ಕಡೆಯ ಅಡಿಕೆ ಕೃಷಿಕರು.

ಪರ

ನಮ್ಮಲ್ಲಿ ಆಟ ಅಂದರೆ ಯಕ್ಷಗಾನ. ಗದ್ದೆಯಲ್ಲಿ ರಂಗಸ್ಥಳ ಎದ್ದರೆ ಚಾಪೆ ಹಿಡಿದು ಹೋದರಾಯಿತು, ಬಯಲಾಟಕ್ಕೆ ಯಾರೂ ಟಿಕೆಟ್ ಕೇಳುವುದಿಲ್ಲ. ದೊಡ್ಡ ಸೈಕಲ್ ರೇಸೂ ಹಾಗೆಯೇ. ಮನೆ ಮುಂದೆ ಕುರ್ಚಿ ಹಾಕಿ ಕೂತರೆ ಸಾಕು, ಪ್ರಪಂಚದ ಒಳ್ಳೊಳ್ಳೆ ಸವಾರರು ಕೈಗೆಟುಕುವಷ್ಟು ಹತ್ತಿರದಲ್ಲಿ ಹಾದುಹೋಗುತ್ತಾರೆ.

ಜುಲೈ ಬಂತೆಂದರೆ ಹೊರಗೆ ಧೋ ಮಳೆ, ನನ್ನ ಮೊಬೈಲಿನಲ್ಲಿ ಟೂರ್ ದ ಫ್ರಾನ್ಸ್. 21 ಹಂತ, ನಡುವೆ ಎರಡು ದಿನ ರಜೆ, ಒಟ್ಟು ಸುಮಾರು 3,400 ಕಿಲೋಮೀಟರ್. ಆಯಾ ದಿನ ಮೊದಲು ಬಂದವನದ್ದು ಒಂದು ಲೆಕ್ಕ. ಎಲ್ಲ ದಿನದ ಸಮಯ ಕೂಡಿಸಿದರೆ ಯಾರದ್ದು ಕಡಿಮೆ ಅನ್ನುವುದು ಇನ್ನೊಂದು ಲೆಕ್ಕ. ಹಳದಿ ಜೆರ್ಸಿ ಸಿಗುವುದು ಈ ಎರಡನೆಯ ಲೆಕ್ಕದಲ್ಲಿ ಗೆದ್ದವನಿಗೆ. 1989ರಲ್ಲಿ ಮೂರು ವಾರ ತುಳಿದು ಗ್ರೆಗ್ ಲೆಮಾಂಡ್ ಗೆದ್ದದ್ದು ಬರೀ 8 ಸೆಕೆಂಡಿನಿಂದ!

ನನಗೆ ಜಾಸ್ತಿ ಇಷ್ಟ ಗೆಲ್ಲದವರು. ಎಂಟು ಜನರ ತಂಡದಲ್ಲಿ ಉಳಿದವರು ಸರದಿಯ ಮೇಲೆ ಮುಂದೆ ಹೋಗಿ ಗಾಳಿಗೆ ಎದೆ ಕೊಡುತ್ತಾರೆ. ಅವರ ಬೆನ್ನಿಗೆ ಅಂಟಿಕೊಂಡ ನಾಯಕನಿಗೆ ಶಕ್ತಿ ಉಳಿಯುತ್ತದೆ. ಒಬ್ಬ ಹಿಂದೆ ಬರುವ ತಂಡದ ಕಾರಿನ ಹತ್ತಿರ ಹೋಗಿ ನೀರಿನ ಬಾಟಲಿಗಳನ್ನು ಜೆರ್ಸಿಯೊಳಗೆ, ಬೆನ್ನಿಗೆ, ಎದೆಗೆ ತುರುಕಿಕೊಂಡು ಮತ್ತೆ ಮುಂದಕ್ಕೆ ತುಳಿಯುತ್ತಾನೆ. ಮೈಯೆಲ್ಲ ಉಬ್ಬಿ ಅವನು ಮೂಟೆಯ ಹಾಗೆ ಕಾಣುತ್ತಾನೆ. ಅವನ ಹೆಸರು ಮರುದಿನ ಯಾವ ಪೇಪರಿನಲ್ಲೂ ಇರುವುದಿಲ್ಲ.

ಇದು ಬರೀ ಯುರೋಪಿನ ದುಡ್ಡಿದ್ದವರ ಆಟ ಅನ್ನಬೇಡಿ. 2024ರಲ್ಲಿ ಎರಿಟ್ರಿಯಾದ ಬಿನಿಯಂ ಗಿರ್ಮಾಯ್ ಟೂರಿನಲ್ಲಿ ಮೂರು ಹಂತ ಗೆದ್ದು, ಅಂಕದ ಲೆಕ್ಕದಲ್ಲಿ ಮೊದಲಿಗನಾದವನ ಹಸಿರು ಜೆರ್ಸಿ ತೊಟ್ಟ. ನಮ್ಮ ದೇಶಕ್ಕೂ ಇಂಥದ್ದೊಂದು ರೇಸ್ ಬಂತಲ್ಲ, 2026ರ ಜನವರಿಯಲ್ಲಿ ಪುಣೆಗೆ. ಐದು ದಿನ, 437 ಕಿಲೋಮೀಟರ್. ಅದಕ್ಕಾಗಿ ರಸ್ತೆಗಳನ್ನೂ ಹೊಸದು ಮಾಡಿದರು.

ನಮ್ಮಲ್ಲಿ ಏನು ಕಡಿಮೆ? ಕೇರಳದ ಗುಡ್ಡಗಳ ಉದ್ದಕ್ಕೂ ಹೋಗುವ ಮಲೆನಾಡು ಹೆದ್ದಾರಿ ಶುರುವಾಗುವುದೇ ನಮ್ಮ ನಂದಾರಪದವಿನಲ್ಲಿ. ಅಲ್ಲಿಂದ ಚೇವಾರಿಗೆ ನಾನು ಬೆಳಗ್ಗೆ ಆರಕ್ಕೆ ತುಳಿಯುತ್ತೇನೆ. ಒಂದು ಏರು ಮುಗಿಯಿತು ಅನ್ನುವಾಗ ತಿರುವಿನಲ್ಲಿ ಇನ್ನೊಂದು. ಒಮ್ಮೆ ಚೈನ್ ಕಳಚಿ ನಿಂತಿದ್ದಾಗ ಹಾಲು ಕೊಡಲು ಹೊರಟ ಹಿರಿಯರೊಬ್ಬರು, “ಮಾರಾಯಾ, ಈ ಕರ್ಮ ನಿನಗ್ಯಾಕೆ?” ಅಂದರು. ದೊಡ್ಡ ರೇಸ್ ಒಂದು ಸಲ ಬಂದು ಹೋದರೆ ಆ ಪ್ರಶ್ನೆ ಯಾರೂ ಕೇಳಲಿಕ್ಕಿಲ್ಲ. ನನ್ನ ಅಳಿಯನಿಗೂ ಸೈಕಲ್ ಅಂದರೆ ಜೀವ. ಅವನು ಅಂಥವರನ್ನು ಒಮ್ಮೆ ಕಣ್ಣಾರೆ ನೋಡಲಿ.

ರಸ್ತೆ ಬಂದ್ ಆಗುತ್ತದೆ ಅನ್ನುವ ಹೆದರಿಕೆಯೂ ಬೇಡ. ಮುಂದೆ ಪೊಲೀಸ್ ಬೈಕು, ಎಲ್ಲರಿಗಿಂತ ಹಿಂದೆ ಸೋತವರನ್ನು ಹತ್ತಿಸಿಕೊಳ್ಳುವ ಗಾಡಿ. ಅದಕ್ಕೆ ಫ್ರೆಂಚರು ಪೊರಕೆ ಗಾಡಿ ಅನ್ನುತ್ತಾರೆ. ಹಿಂದೆಲ್ಲ ನಿಜವಾಗಿಯೂ ಪೊರಕೆ ಕಟ್ಟುತ್ತಿದ್ದರಂತೆ. ನಮ್ಮಲ್ಲಾದರೆ ಒಂದು ಹಿಡಿಸೂಡಿ ಕಟ್ಟಿದರಾಯಿತು. ಅದು ದಾಟಿದ ಮೇಲೆ ರಸ್ತೆ ನಿಮ್ಮದೇ.

ವಿರೋಧ

ಭಾವ ಬರೆದದ್ದು ಓದಿದೆ. ಆಟದ ಹೋಲಿಕೆ ಚೆನ್ನಾಗಿದೆ, ಆದರೆ ಆಟ ಬೆಳಗಿನವರೆಗೂ ಇರುತ್ತದೆ ಭಾವ. ನಿಮ್ಮ ರೇಸಿಗೆ ಕುರ್ಚಿ ಹಾಕಿ ಕೂತು, ಎಲೆಗೆ ಸುಣ್ಣ ಹಚ್ಚಿ ಬಾಯಿಗಿಡುವಷ್ಟರಲ್ಲಿ ಎಲ್ಲರೂ ಹೋಗಿ ಆಯಿತು! ಈ ಟೂರ್ ಹುಟ್ಟಿದ್ದಾದರೂ ಯಾಕೆ? 1903ರಲ್ಲಿ ಒಂದು ಪೇಪರಿಗೆ ಪ್ರತಿ ಜಾಸ್ತಿ ಮಾರಬೇಕಿತ್ತು, ಅದಕ್ಕೆ. ಈಗಲೂ ಸವಾರರಿಗಿಂತ ಮೊದಲು ಜಾಹೀರಾತಿನ ಗಾಡಿಗಳೇ ಸಾಲಾಗಿ ಬರುತ್ತವೆ. ಗೆಲ್ಲಲು ಕದ್ದು ತೆಗೆದುಕೊಳ್ಳುವ ನಿಷೇಧಿತ ಮದ್ದಿನ ಕಥೆಯೂ ಇದೆ. ಏಳು ಸಲ ಗೆದ್ದ ಆರ್ಮ್‌ಸ್ಟ್ರಾಂಗ್‌ನ ಏಳೂ ಪಟ್ಟವನ್ನು 2012ರಲ್ಲಿ ಕಿತ್ತುಕೊಂಡರು. ಅದೆಲ್ಲ ಅವರ ತಲೆನೋವು, ಬಿಡಿ.

ನನ್ನ ತಕರಾರು ರಸ್ತೆಯದ್ದು. ಪೊರಕೆ ಗಾಡಿ ದಾಟಿದರೆ ರಸ್ತೆ ನಿಮ್ಮದು ಅಂತೀರಿ. ಟೂರ್ ಬರುವ ದಿನ ಫ್ರಾನ್ಸಿನಲ್ಲೇ ರಸ್ತೆಯನ್ನು ಗಂಟೆಗಟ್ಟಲೆ ಮೊದಲು ಮುಚ್ಚುತ್ತಾರೆ. ಅಲ್ಲಿ ಬಳಸಿ ಹೋಗಲು ಬೇರೆ ದಾರಿ ಇದ್ದೀತು. ನಮ್ಮಲ್ಲಿ ಎಷ್ಟೋ ಊರಿಗೆ ಇರುವುದೇ ಒಂದು ದಾರಿ. ಆಸ್ಪತ್ರೆ ಅಂದರೆ ನಮಗೆ ಮಂಗಳೂರು. 2020ರ ಮಾರ್ಚ್ ಮರೆತಿರಾ? ಕೊರೊನಾ ಅಂತ ಕರ್ನಾಟಕದವರು ತಲಪಾಡಿಯಲ್ಲಿ ಗಡಿ ಮುಚ್ಚಿದರು. ಒಳದಾರಿಗಳಿಗೆ ಲಾರಿಗಟ್ಟಲೆ ಮಣ್ಣು ಸುರಿದರು. ಆಂಬುಲೆನ್ಸ್ ಬಿಡಲಿಲ್ಲ, ಆ ಕಡೆ ದಾಟಲಾಗದೆ ಜನ ಸತ್ತರು. ನಮ್ಮ ಪಕ್ಕದ ಮನೆಯ ಅಕ್ಕನಿಗೆ ವಾರಕ್ಕೆರಡು ಡಯಾಲಿಸಿಸ್ ಆಗಬೇಕಿತ್ತು. ಅವರ ಮಗ ಗುಡ್ಡೆ ಹತ್ತಿಸಿ ದಾಟಿಸಬಹುದಾ ಅಂತ ನನ್ನನ್ನು ಕೇಳಿದ್ದ. ಅಂದಿನಿಂದ ‘ರಸ್ತೆ ಬಂದ್’ ಅನ್ನುವ ಬೋರ್ಡ್ ಕಂಡರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಎರಡು ಗಂಟೆ ಮಾತ್ರ ಅಂದರೂ ಅಷ್ಟೆ.

ರೇಸಿನ ಮೇಲೆ ಹೆಲಿಕಾಪ್ಟರ್ ಹಾರುತ್ತದೆ, ಹಸಿರು ಗುಡ್ಡಗಳನ್ನು ಟಿವಿಯಲ್ಲಿ ತೋರಿಸಲಿಕ್ಕೆ. ನಮ್ಮ ಎಣ್ಮಕಜೆಯಲ್ಲಿ ಹೆಲಿಕಾಪ್ಟರ್ ಅಂದರೆ ಬೇರೆಯೇ ನೆನಪು. ಇಪ್ಪತ್ತಕ್ಕೂ ಜಾಸ್ತಿ ವರ್ಷ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಅದರಿಂದಲೇ. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳು ಇವತ್ತಿಗೂ ಆ ಮನೆಗಳಲ್ಲಿದ್ದಾರೆ.

ಇನ್ನು ಕಾಲ. ಮಳೆಯಲ್ಲಿ ಇಲ್ಲಿ ರೇಸ್ ಮಾಡುವ ಧೈರ್ಯ ಯಾರಿಗಿದೆ? ಡಿಸೆಂಬರಿನಿಂದ ಮಾರ್ಚ್ ಒಳಗೆ ಆಗಬೇಕು. ಕೋಲ, ತೆಯ್ಯಂ, ಜಾತ್ರೆ, ಮದುವೆ, ಅಡಿಕೆ ಕೊಯ್ಲು, ಎಲ್ಲವೂ ಆಗಲೇ. ಜೀಪಿನಲ್ಲಿ ಅಡಿಕೆ ಗೊನೆ ತುಂಬಿಸಿ ರಸ್ತೆ ಬದಿಯಲ್ಲಿ ನಿಂತು ಯಾರದ್ದೋ ಹಳದಿ ಅಂಗಿಗೆ ಚಪ್ಪಾಳೆ ತಟ್ಟಬೇಕಾ ನಾನು?

ಹೊಸ ಡಾಂಬರಿನ ಮಾತು ಓದಿ ಸಿಟ್ಟೇ ಬಂತು. ನಮ್ಮ ಒಳರಸ್ತೆಯ ಗುಂಡಿ ಮುಚ್ಚಿಸಲು ಎಷ್ಟು ಅರ್ಜಿ ಬರೆದಿದ್ದೇವೆ, ಅದೂ ಮಲಯಾಳದಲ್ಲಿ, ಕನ್ನಡದ್ದು ಹಿಂದೆ ಬಂತೆಂದು. ಹೊರದೇಶದ ಸೈಕಲ್ ಬರುತ್ತದೆ ಅಂದ ಕೂಡಲೇ ಗುಂಡಿ ಮುಚ್ಚುವುದಾದರೆ, ಇಷ್ಟು ದಿನ ಮುಚ್ಚದೇ ಇದ್ದದ್ದು ದುಡ್ಡಿಲ್ಲದೆ ಅಲ್ಲ ಅಂತಾಯಿತಲ್ಲ!

ನಿಮ್ಮ ಅಳಿಯನಿಗೆ ಸೈಕಲ್ ಕೊಡಿಸಿದ್ದು ನಾನೇ, ಭಾವ. ಅಂಗಳದಲ್ಲಿ ಹರಡಿದ ಅಡಿಕೆಯ ಸುತ್ತ, ಒಂದಕ್ಕೂ ಚಕ್ರ ತಾಗಿಸದೆ, ಗಂಟೆಗಟ್ಟಲೆ ಸುತ್ತು ಹೊಡೆಯುತ್ತಾನೆ. ಶಾಲೆಗೆ ಹೋಗುವಾಗ ಮಾತ್ರ ಹಿಂದಿನಿಂದ ಬಸ್ ಹಾರ್ನ್ ಹಾಕಿದರೆ ಸೈಕಲ್ ಸಮೇತ ಚರಂಡಿಗೆ ಇಳಿದು ನಿಲ್ಲುತ್ತಾನೆ. ರಸ್ತೆ ಬದಿಯಲ್ಲಿ ಅವನಿಗೆ ಎರಡಡಿ ಜಾಗ ಇಲ್ಲ.