ಕೊಯ್ತಾ ಹಿಡಿದವನು ಹುಡುಗ, ಜಾಮೀನು ಕೊಟ್ಟವನು ಯಾರು?

ಪುಣೆಯಲ್ಲಿ ಕೊಯ್ತಾ, ಅಂದರೆ ಮಚ್ಚು, ಮಾರುವ ಅಂಗಡಿಯವನು ನಾನು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕಾಮೆಂಟಿನಲ್ಲಿ ಯಾರಾದರೂ ಎತ್ತಿ ಆಡುವುದು ಬೇಡ. ಧನಕವಡಿ ಕಡೆ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಮೊಳೆ, ಬೀಗ, ಬಣ್ಣ, ಪೈಪಿನ ಜೊತೆ ಗುದ್ದಲಿ, ಕುಡಗೋಲು, ಕಬ್ಬು ಕಡಿಯುವ ಕೊಯ್ತಾನೂ ಇಟ್ಟಿರುತ್ತೇನೆ. ಎಳನೀರಿನವರು ಒಯ್ಯುತ್ತಾರೆ, ಎಮ್ಮೆ ಕಟ್ಟಿದವರು ಒಯ್ಯುತ್ತಾರೆ. 2023ರ ಆರಂಭದಲ್ಲಿ ಪೊಲೀಸರು ಆಧಾರ್ ಕಾರ್ಡ್ ನೋಡದೆ ಕೊಯ್ತಾ ಮಾರಬೇಡಿ ಅಂದರು. ಸರಿ ಅಂತ ಒಂದು ವಹಿ ಇಟ್ಟೆ. ಹೆಸರು, ಆಧಾರ್ ನಂಬರು, ಯಾವ ಕೆಲಸಕ್ಕೆ ಬೇಕು, ಎಲ್ಲ ಬರೆಯುತ್ತೇನೆ. ಆ ವಹಿಯ ತುಂಬಾ ಎಳನೀರಿನವರು ಮತ್ತು ಎಮ್ಮೆಯವರೇ ಇದ್ದಾರೆ. ರಾತ್ರಿ ಓಣಿಯಲ್ಲಿ ಕೊಯ್ತಾ ಬೀಸುವವರು ಅಂಗಡಿಗೆ ಬಂದು ಹೆಸರು ಬರೆಸಿ ಒಯ್ಯುತ್ತಾರಾ?

ಒಮ್ಮೆ ಮಾತ್ರ ಒಬ್ಬ ಹುಡುಗ ಬಂದಿದ್ದ. ಮೀಸೆ ಇನ್ನೂ ಚಿಗುರಿರಲಿಲ್ಲ. ಮರಾಠಿಯಲ್ಲಿ ಕೇಳಿದ. ಮಾತಿನ ಧಾಟಿ ನೋಡಿ ನಾನು ಕನ್ನಡದಲ್ಲೇ ಆಧಾರ್ ಕೇಳಿದೆ. ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದ. "ನಂದಿಲ್ರಿ ಕಾಕಾ, ಅವ್ವಂದು ನಡೀತದೇನ್ರಿ?" ಅಫಜಲಪುರ ತಾಲ್ಲೂಕಿನ ವಿಳಾಸ. ಯಾಕಪ್ಪಾ ಬೇಕು ಅಂದೆ. "ಹಗ್ಗ ಕೊಯ್ಯಾಕ್ರಿ" ಅಂದ. ಹಗ್ಗಕ್ಕೆ ಬ್ಲೇಡು ಸಾಕು ಅಂತ ಒಂದು ಬ್ಲೇಡು ಮುಂದಿಟ್ಟೆ. ಅದನ್ನು ಅಲ್ಲೇ ಬಿಟ್ಟು ಹೋದ.

ಈಗ ವಿಷಯಕ್ಕೆ ಬರೋಣ. ಮೊನ್ನೆ ನಮ್ಮ ಹಿಂದಿನ ಓಣಿಯಲ್ಲಿ ರಾತ್ರಿ ಗಾಡಿಗಳನ್ನು ಒಡೆದರು. ಸಾಲಾಗಿ ನಿಲ್ಲಿಸಿದ್ದ ರಿಕ್ಷಾ, ಸ್ಕೂಟರು, ಒಂದು ಹಾಲಿನ ಟೆಂಪೊ. ಯಾರ ಮೇಲೂ ಸಿಟ್ಟಿಲ್ಲ, ಸುಮ್ನೆ ದಹಶತ್, ಅಂದರೆ ಭಯ, ಹುಟ್ಟಿಸೋಕೆ. ಪುಣೆಯಲ್ಲಿ ಇರುವವರಿಗೆ ಇದು ಹೊಸದೇನಲ್ಲ. ಒಡೆದವರಲ್ಲಿ ಇಬ್ಬರು ಕನ್ನಡ ಮಾತಾಡುವ ಹುಡುಗರು ಅಂತ ಗೊತ್ತಾದ ಮೇಲೆ ನಮ್ಮ ಕನ್ನಡ ಬಳಗದ ಭಾನುವಾರದ ಸಭೆ ಕಾವೇರಿತು. ಚಹಾ ಆರಿಹೋಗುವವರೆಗೂ ವಾದ.

ಬ್ಯಾಂಕಿನಿಂದ ನಿವೃತ್ತರಾದ ಕಾಕಾ ಒಬ್ಬರಿದ್ದಾರೆ. ಅವರದು ಒಂದೇ ಮಾತು: "ಕಾಲಿಗೆ ಗುಂಡು ಹೊಡೀರಿ, ನಾಲ್ಕು ದಿನದಾಗ ಎಲ್ಲ ಸರಿ ಆಗ್ತದ." ಶಾಲೆಯಲ್ಲಿ ಕಲಿಸುವ ಅಕ್ಕ ಒಬ್ಬರು ಮೊಬೈಲು, ರೀಲ್ಸು, ಅಪ್ಪ ಅಮ್ಮನ ಸದರ ಅಂದರು. ಇನ್ನೊಬ್ಬರು "ಹೊರಗಿನಿಂದ ಬಂದವರ ಕಾಟ" ಅಂದರು. ಈ ಮಾತು ಹೇಳಿದವರು ಇಂಡಿ ತಾಲ್ಲೂಕಿನವರು, ಕೇಳಿ ತಲೆಯಾಡಿಸಿದವರು ಬೀದರ್, ಯಾದಗಿರಿ ಕಡೆಯವರು! ನಗು ತಡೆಯೋದು ಕಷ್ಟವಾಯ್ತು. ನಾವು ಬಾಡಿಗೆ ಮನೆ ಬಿಟ್ಟು ಫ್ಲ್ಯಾಟಿಗೆ ಬಂದಿದ್ದೇವೆ ಅನ್ನೋದೊಂದು ಬಿಟ್ಟರೆ ನಾವೂ ಹೊರಗಿನವರೇ ಅಲ್ವಾ?

ಪೊಲೀಸರು ಏನೂ ಮಾಡಿಲ್ಲ ಅನ್ನೋದು ತಪ್ಪು. 1999ರಿಂದ ಸಂಘಟಿತ ಅಪರಾಧ ತಡೆಯುವ ಮೋಕ್ಕಾ ಕಾಯ್ದೆ ಇದೆ, ಅದು ಬಿದ್ದರೆ ಜಾಮೀನು ಸಿಗೋದು ಬಹಳ ಕಷ್ಟ. ಎಂಪಿಡಿಎ ಅನ್ನುವ ಮುನ್ನೆಚ್ಚರಿಕೆ ಬಂಧನದ ಕಾಯ್ದೆ ಹಾಕಿ ವರ್ಷದವರೆಗೆ ಒಳಗಿಡಬಹುದು. ತಡೀಪಾರ್ ಇದೆ, ಜಿಲ್ಲೆಯಿಂದಲೇ ಹೊರಗೆ ಹಾಕುತ್ತಾರೆ. (ಹಾಕಿದವರು ಎಲ್ಲಿಗೆ ಹೋಗುತ್ತಾರೆ? ಪಕ್ಕದ ಜಿಲ್ಲೆಗೆ. ಅಲ್ಲಿಯವರು ಯಾರನ್ನು ಕೇಳಬೇಕು?) 2024ರ ಫೆಬ್ರವರಿಯಲ್ಲಿ ಇನ್ನೂರಕ್ಕೂ ಹೆಚ್ಚು ಗುಂಡಾಗಳನ್ನು ಕಮಿಷನರ್ ಕಚೇರಿಗೆ ಕರೆಸಿ ಸಾಲಾಗಿ ನಿಲ್ಲಿಸಿದರು. ದೊಡ್ಡ ದೊಡ್ಡ ಹೆಸರಿನವರು ತಲೆ ತಗ್ಗಿಸಿ ನಿಂತಿದ್ದರು. ನೋಡಿ ನನಗೂ ಖುಷಿಯಾಯ್ತು. ಆಮೇಲೆ ನನ್ನ ಅಂಗಡಿಯ ಹುಡುಗನ ಮೊಬೈಲಿನಲ್ಲಿ ಅದೇ ವಿಡಿಯೊಗೆ ಹಾಡು ಹಚ್ಚಿದ ರೀಲ್ ನೋಡಿದೆ. ಅದರಲ್ಲಿ ಅವರೇ ಹೀರೊಗಳು.

ಗಾಡಿ ಒಡೆದವರನ್ನು ಅದೇ ಓಣಿಯಲ್ಲಿ ನಡೆಸಿಕೊಂಡು ಹೋಗುವ ರೂಢಿಯೂ ಇದೆ, ಧಿಂಡ ಅನ್ನುತ್ತಾರೆ. ನಮ್ಮ ರಸ್ತೆಯಲ್ಲೇ ಒಂದು ನೋಡಿದೆ. ಕುಂಟುತ್ತಾ ಮೂರು ಹುಡುಗರು, ಹಿಂದೆ ಪೊಲೀಸರು, ಮಹಡಿಯಿಂದ ಜನರ ಚಪ್ಪಾಳೆ. ಎದುರಿನ ವಸ್ತಿಯ ಏಳೆಂಟು ವರ್ಷದ ಮಕ್ಕಳು ಜೊತೆಜೊತೆಗೇ ಓಡುತ್ತಿದ್ದರು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ಮೆರವಣಿಗೆ ನೋಡುವ ಉಮೇದು ಇತ್ತು. ಅವರಿಗೆ ಬೇರೆ ಮೆರವಣಿಗೆಗಳೂ ಗೊತ್ತು. 2021ರ ಫೆಬ್ರವರಿಯಲ್ಲಿ ಪುಣೆಯ ಗ್ಯಾಂಗ್‌ಸ್ಟರ್ ಗಜಾನನ ಮಾರ್ಣೆ ತಳೋಜಾ ಜೈಲಿನಿಂದ ಹೊರಬಂದಾಗ ಮುಂಬೈ-ಪುಣೆ ಎಕ್ಸ್‌ಪ್ರೆಸ್ ಹೈವೇಯಲ್ಲಿ ನೂರಾರು ಕಾರುಗಳ ಸಾಲೇ ಬಂದಿತ್ತು. ಕೇಸೂ ಆಯ್ತು, ಆದರೆ ವಿಡಿಯೊ ಮನೆಮನೆಗೆ ತಲುಪಿದ್ದು ಅದಕ್ಕಿಂತ ಮೊದಲು.

ಈ ದೊಡ್ಡವರ ಗ್ಯಾಂಗು ಬೇರೆ, ಕೊಯ್ತಾ ಹುಡುಗರು ಬೇರೆ ಅಂತ ಸಭೆಯಲ್ಲಿ ಒಬ್ಬರು ಹೇಳಿದರು. ಅರ್ಧ ನಿಜ. ದೊಡ್ಡವರ ಬೇರು ಜಮೀನಿನಲ್ಲಿದೆ. ಹಿಂಜವಡಿಯಲ್ಲಿ ಐಟಿ ಪಾರ್ಕ್ ಬಂತು, ಮುಳಶಿ ತಾಲ್ಲೂಕಿನ ಭತ್ತದ ಗದ್ದೆಗೆ ಚಿನ್ನದ ಬೆಲೆ ಬಂತು. ಜಮೀನು ಮಾರಿಸೋಕೆ, ಬಿಡಿಸೋಕೆ, ಬೇರೆಯವರ ಪ್ಲಾಟನ್ನು ತಾಬಾಕ್ಕೆ (ಸ್ವಾಧೀನಕ್ಕೆ) ತಗೊಳ್ಳೋಕೆ ಕೈಬಲ ಬೇಕಾಯ್ತು. ಆ ದುಡ್ಡಿನಲ್ಲೇ ಗ್ಯಾಂಗು ಬೆಳೆದವು. ಪ್ಲಾಟಿನ ಮೇಲೆ ಕೂತು ಕಾಯೋಕೆ, ಯಾರನ್ನೋ ಹೆದರಿಸೋಕೆ ಅವರಿಗೆ ಅಗ್ಗದ ಹುಡುಗರು ಬೇಕು. ಕೊಯ್ತಾ ಹುಡುಗರು ಅಲ್ಲಿಗೆ ಬಂದು ಸೇರುತ್ತಾರೆ.

ಈ ಹುಡುಗರು ಯಾರು? ನಮ್ಮ ಕಡೆಯ ಲೆಕ್ಕ ಹೇಳುತ್ತೇನೆ, ನನಗೆ ಗೊತ್ತಿರುವುದು ಅದೇ. ಅಪ್ಪ ಗೌಂಡಿ, ಅವ್ವ ಬಿಗಾರಿ, ಅಂದರೆ ಕೂಲಿ. ದೀಪಾವಳಿ ಮುಗಿದ ಮೇಲೆ ಊರು ಬಿಟ್ಟು ಪುಣೆಗೆ ಬರುತ್ತಾರೆ, ಮಳೆ ಬಿದ್ದ ಮೇಲೆ ವಾಪಸ್. ಹುಡುಗ ಊರಲ್ಲಿ ಕನ್ನಡ ಶಾಲೆ, ಇಲ್ಲಿ ಮರಾಠಿ ಶಾಲೆ, ನಡುವೆ ಎರಡೂ ಇಲ್ಲ. ಐದನೇ ಕ್ಲಾಸಿಗೆ ಬರುವ ಹೊತ್ತಿಗೆ ಯಾವ ಭಾಷೆಯಲ್ಲೂ ಪಾಠ ಓದಲು ಬರುವುದಿಲ್ಲ. ಪುಣೆಯಲ್ಲಿ ಕನ್ನಡ ಶಾಲೆ ಇದೆಯಲ್ಲ ಅನ್ನಬೇಡಿ, ಕೆಲಸದ ಸೈಟು ವಾಘೋಲಿಯಲ್ಲಿದ್ದರೆ ಎರಂಡವಣೆಗೆ ಮಗುವನ್ನು ಯಾರು ಕರೆತರುತ್ತಾರೆ? ಶಿಕ್ಷಣ ಹಕ್ಕು ಕಾಯ್ದೆ 14 ವರ್ಷದವರೆಗೆ. ಎಂಟನೇ ಕ್ಲಾಸಿನ ತನಕ ಹೇಗೋ ಪಾಸು ಮಾಡಿ ದಾಟಿಸುತ್ತಾರೆ. ಒಂಬತ್ತಕ್ಕೆ ಬಂದಾಗ ಹುಡುಗ ನಿಂತುಬಿಡುತ್ತಾನೆ. ಆಗ ಅವನನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಕಟ್ಟಡ ಕಾರ್ಮಿಕರ ಕಾರ್ಡ್ ಮಾಡಿಸಬೇಕಾದರೆ 18 ತುಂಬಬೇಕು. ಕಾರಿನ ಡ್ರೈವಿಂಗ್ ಲೈಸೆನ್ಸಿಗೂ 18 ಬೇಕು. ಈ 14ರಿಂದ 18ರ ನಡುವೆ ಅವನು ಎಲ್ಲಿರಬೇಕು? ಸರ್ಕಾರಕ್ಕೆ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಗ್ಯಾಂಗು ನಡೆಸುವ ಭಾಯ್‌ಗೆ ಗೊತ್ತಿದೆ.

ಯಾಕೆಂದರೆ ಅದೇ ವಯಸ್ಸಿನವನು ಅವನಿಗೆ ಬೇಕು. 18 ತುಂಬದವನನ್ನು ಹಿಡಿದರೆ ಬಾಲ ನ್ಯಾಯ ಮಂಡಳಿ, ಯರವಡಾದ ವೀಕ್ಷಣಾಲಯ, ಸ್ವಲ್ಪ ದಿನಕ್ಕೆ ಹೊರಗೆ. ಕಾಯ್ದೆಯನ್ನೇ ಬದಲಿಸಿ, 16ಕ್ಕೆ ಇಳಿಸಿ ಅಂತ ಕಾಕಾ ಗುಡುಗಿದರು. ಕೊಲೆಯಂಥ ಘೋರ ಅಪರಾಧಕ್ಕೆ 16 ದಾಟಿದವನನ್ನು ದೊಡ್ಡವನಂತೆ ವಿಚಾರಣೆ ಮಾಡುವ ದಾರಿ 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಆಗಲೇ ಇದೆ. ಅದಕ್ಕಿಂತ ಮುಖ್ಯವಾದ ಕಲಂ ಇನ್ನೊಂದಿದೆ, 83. ಮಕ್ಕಳನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸುವ ದೊಡ್ಡವನಿಗೆ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಐದು ಲಕ್ಷ ದಂಡ. ಆ ಸಭೆಯಲ್ಲಿ ಇದ್ದ ಒಬ್ಬರೂ ಅದರ ಹೆಸರು ಕೇಳಿರಲಿಲ್ಲ. ಹುಡುಗನನ್ನು ಹಿಡಿದ ಪ್ರತಿ ಕೇಸಿನಲ್ಲೂ "ನಿನ್ನನ್ನು ಕಳಿಸಿದವನು ಯಾರು" ಅಂತ ಕೇಳಿ ಆ ಕಲಂ ಹಾಕಿ ಅಂತ ನಾವು ಒತ್ತಾಯ ಮಾಡಬೇಕಾಗಿತ್ತು.

ಕಾನೂನಿನ ಮಾತು ಬಂದಾಗ ಪುಣೆಯವರಿಗೆ ಕಲ್ಯಾಣಿನಗರ ನೆನಪಾಗದೆ ಇರುವುದಿಲ್ಲ. 2024ರ ಮೇ 19ರ ನಸುಕಿನಲ್ಲಿ ಪೋರ್ಷೆ ಕಾರು ಗುದ್ದಿ ಇಬ್ಬರು ಇಂಜಿನಿಯರ್‌ಗಳು ಸತ್ತರು. ಕಾರು ಓಡಿಸಿದ 17 ವರ್ಷದವನಿಗೆ ಅದೇ ದಿನ ಜಾಮೀನು, ಜೊತೆಗೆ 300 ಪದದ ಪ್ರಬಂಧ ಬರಿ ಅನ್ನುವ ಷರತ್ತು. ಗಲಾಟೆಯಾದ ಮೇಲೆ ಆದೇಶ ಬದಲಾಯ್ತು, ಅದು ಬೇರೆ ಮಾತು. ನಮ್ಮ ವಸ್ತಿಯ ಹುಡುಗರು ಅದನ್ನು ನೋಡಿ ಏನು ಕಲಿತರು ಗೊತ್ತಾ? ಹಿಂದೆ ಗಟ್ಟಿ ಜನ ಇದ್ದರೆ ಎಲ್ಲ ನಡೆಯುತ್ತದೆ ಅಂತ. ಅವರ ಅಪ್ಪ ಗಟ್ಟಿ ಮನುಷ್ಯ ಅಲ್ಲ. ಹಾಗಾಗಿ ಬೇರೆ ಒಬ್ಬನನ್ನು ಹುಡುಕಿಕೊಳ್ಳುತ್ತಾರೆ.

ಇದು ಹೇಗೆ ನಡೆಯುತ್ತದೆ ಅಂತ ಶಿವಾಜಿನಗರ ಕೋರ್ಟಿನಲ್ಲಿ ಕಣ್ಣಾರೆ ಕಂಡೆ. 18 ದಾಟಿದ್ದ ಹುಡುಗ, ಗಾಡಿ ಒಡೆದ ಕೇಸು. ಅವನ ತಾಯಿಗೆ ಮರಾಠಿ ಅಷ್ಟಕ್ಕಷ್ಟೆ, ಜೊತೆಗೆ ಬರ್ರಿ ಅಂದಳು, ಹೋದೆ. ಜಾಮೀನು ಸಿಕ್ಕಿತ್ತು, ಜಾಮೀನುದಾರ ಬೇಕಿತ್ತು. ಊರಿನ ರೇಷನ್ ಕಾರ್ಡ್ ನಡೆಯಲಿಲ್ಲ. ಪುಣೆಯಲ್ಲಿ ಆಸ್ತಿ ಇರುವವರು, ತೆರಿಗೆ ರಸೀದಿ ಇರುವವರು ಬೇಕು. ನಾನು ಬಳಗದ ನಾಲ್ಕಾರು ಜನರಿಗೆ ಫೋನ್ ಮಾಡಿದೆ. ಎಲ್ಲರಿಗೂ ಸ್ವಂತ ಮನೆ ಇದೆ. ಒಬ್ಬರಿಗೆ ಬಿಪಿ, ಒಬ್ಬರಿಗೆ ಮದುವೆ, ಒಬ್ಬರು "ಇಂಥಾ ವ್ಯವಹಾರದಾಗ ನೀವ್ಯಾಕ ಬಿದ್ದೀರಿ" ಅಂದರು. ನನ್ನ ಅಂಗಡಿ ಬಾಡಿಗೆಯದು, ಮನೆಯ ಕಾಗದ ಬ್ಯಾಂಕಿನಲ್ಲಿ. ಮಧ್ಯಾಹ್ನದ ಹೊತ್ತಿಗೆ ಬಿಳಿ ಶರ್ಟಿನವನೊಬ್ಬ ಬಂದ. ಕಂಕುಳಲ್ಲಿ ಫೈಲು, ಜೊತೆಗೆ ವಕೀಲ, ಜಾಮೀನುದಾರ. ಅರ್ಧ ತಾಸಿನಲ್ಲಿ ಸಹಿಯೆಲ್ಲ ಮುಗಿಯಿತು. "ಮಾವಶಿ, ಜೇವ್ಲಾತ್ ಕಾ?" (ಊಟ ಆಯ್ತಾ?) ಅಂತ ಕೇಳಿ ಅವಳಿಗೆ ವಡಾಪಾವ್ ತರಿಸಿಕೊಟ್ಟ. ಅವಳು ಅವನ ಕಾಲಿಗೆ ಬಿದ್ದಳು. ಮಗ ಅಂದಿನಿಂದ ಅವನ ಆಳು. ಈ ಋಣ ತೀರಿಸೋಕೆ ಹುಡುಗ ಏನು ಮಾಡಬೇಕಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಋಣ ಎಲ್ಲಿಗೆ ಮುಟ್ಟುತ್ತದೆ ಅನ್ನೋದಕ್ಕೆ ಪುಣೆಯ ನಾನಾ ಪೇಟೆ ಅನ್ನುವ ಬಡಾವಣೆಯೇ ಸಾಕ್ಷಿ. 2024ರ ಸೆಪ್ಟೆಂಬರ್ 1ಕ್ಕೆ ಮಾಜಿ ಕಾರ್ಪೊರೇಟರ್ ವನರಾಜ್ ಆಂದೇಕರ್ ಕೊಲೆಯಾಯ್ತು. ಮುಂದಿನ ವರ್ಷ ಗಣಪತಿ ವಿಸರ್ಜನೆಯ ಹಿಂದಿನ ದಿನ, ಸೆಪ್ಟೆಂಬರ್ 5ಕ್ಕೆ, ಆ ಕೇಸಿನ ಆರೋಪಿಯ ಮಗನನ್ನು ಗುಂಡು ಹೊಡೆದು ಕೊಂದರು. ಕಾಲೇಜು ಹುಡುಗ. ಅವನು ವನರಾಜನ ಸ್ವಂತ ಸೋದರಳಿಯ. ರೀಲ್ಸಿನಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ.

ಹಾಗಾದರೆ ಏನು ಮಾಡಬೇಕು ಅಂತ ಕಾಕಾ ಕೇಳಿದರು. ಗ್ಲಾಸ್ಗೊ ಊರಿನ ಕಥೆ ಹೇಳಿದೆ. ಸ್ಕಾಟ್ಲೆಂಡಿನ ಊರು, ಅಲ್ಲಿಯೂ ಬಂದೂಕು ಕಡಿಮೆ, ಚಾಕುವೇ ಜಾಸ್ತಿ, ಅಲ್ಲಿಯೂ ಓಣಿ ಓಣಿಗೆ ಹುಡುಗರ ಗ್ಯಾಂಗು. 2005ರಲ್ಲಿ ಅಲ್ಲಿನ ಪೊಲೀಸರೇ ಹಿಂಸೆ ತಡೆಯೋಕೆ ಒಂದು ಬೇರೆ ಘಟಕ ಮಾಡಿದರು, ಹಿಂಸೆಯನ್ನು ಅಂಟುರೋಗದ ಹಾಗೆ ನೋಡೋಣ ಅಂದರು. 2008ರಲ್ಲಿ ಗ್ಯಾಂಗಿನ ಹುಡುಗರನ್ನು ಕೋರ್ಟಿಗೆ ಕರೆಸಿ ಕೂರಿಸಿದರು. ಮೊದಲು ಪೊಲೀಸರು, ನೀವು ಯಾರು ಅಂತ ನಮಗೆ ಗೊತ್ತು, ಇನ್ನು ಒಬ್ಬ ತಪ್ಪು ಮಾಡಿದರೆ ಇಡೀ ಗ್ಯಾಂಗಿನ ಬೆನ್ನು ಹತ್ತುತ್ತೇವೆ ಅಂದರು. ಇಲ್ಲಿಯವರೆಗೆ ಕಮಿಷನರ್ ಕಚೇರಿಯಲ್ಲಿ ನಡೆದ ನಮ್ಮ ಪರೇಡಿನಂತೆಯೇ. ಆಮೇಲೆ ಗಾಯ ಹೊಲಿಯುವ ಡಾಕ್ಟರ್ ಮಾತಾಡಿದರು. ಮಗನ ಮೇಲೆ ಹಲ್ಲೆಯಾದ ತಾಯಿ ಮಾತಾಡಿದಳು. ಕೊನೆಗೆ ಒಂದು ಫೋನ್ ನಂಬರ್ ಕೊಟ್ಟರು, ಬಿಡಬೇಕು ಅನ್ನಿಸಿದರೆ ಫೋನ್ ಮಾಡಿ, ಕೆಲಸ, ತರಬೇತಿ ನಾವು ನೋಡುತ್ತೇವೆ ಅಂದರು. ಹತ್ತು ವರ್ಷದಲ್ಲಿ ಸ್ಕಾಟ್ಲೆಂಡಿನ ಕೊಲೆಗಳ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಬಂತು. ಎಲ್ಲ ಆ ಒಂದು ಸಭೆಯಿಂದಲೇ ಆಯ್ತು ಅನ್ನೋಲ್ಲ. ಚಾಕು ಇಟ್ಟುಕೊಂಡವರಿಗೆ ಅಲ್ಲಿ ಶಿಕ್ಷೆಯನ್ನೂ ಜಾಸ್ತಿ ಮಾಡಿದ್ದರು. ಆದರೆ ನಮ್ಮ ಪರೇಡಿನಲ್ಲಿ ಆ ಫೋನ್ ನಂಬರ್ ಇರಲಿಲ್ಲ.

"ಅದು ವಿಲಾಯತಿ, ಇದು ಪುಣೆ" ಅಂದರು ಕಾಕಾ. ದೂರ ಹೋಗೋದು ಬೇಡ, ಮುಂಬೈಗೆ ಬನ್ನಿ. 1982ರ ಜನವರಿಯಲ್ಲಿ ಮಿಲ್ ಮುಷ್ಕರ ಶುರುವಾಗಿ ಎರಡೂವರೆ ಲಕ್ಷ ಕಾರ್ಮಿಕರು ಬೀದಿಗೆ ಬಂದರು. ಮಿಲ್ಲುಗಳಿದ್ದ ಗಿರಣಗಾವ್ ಬಡಾವಣೆಯ ಚಾಳಿನ ಎಷ್ಟೋ ಹುಡುಗರು ಆಮೇಲೆ ಗ್ಯಾಂಗು ಸೇರಿದರು. ಅದೇ ಮುಂಬೈಯಲ್ಲಿ ಊರು ಬಿಟ್ಟು ಓಡಿಬಂದ ಉಡುಪಿ, ಮಂಗಳೂರು ಕಡೆಯ ಹುಡುಗರು ಹೋಟೆಲಿನಲ್ಲಿ ಹಗಲೆಲ್ಲ ಟೇಬಲ್ ಒರೆಸಿ, ಸಂಜೆ ಕನ್ನಡದ ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಪಾಸಾದರು. ಅವರೇನು ಹುಟ್ಟಾ ಒಳ್ಳೆಯವರಾ? ಅವರಿಗೆ ಹಿಂದಿನ ತಲೆಮಾರಿನ ಕನ್ನಡಿಗರು ಸಂಜೆ ಹೋಗೋಕೆ ಒಂದು ಜಾಗ ಮಾಡಿಟ್ಟಿದ್ದರು, ಅಷ್ಟೆ. ನಾವು ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸುತ್ತೇವೆ.

ಸಭೆ ಮುಗಿಯೋ ಹೊತ್ತಿಗೆ ಎರಡು ವಿಷಯಕ್ಕೆ ಒಪ್ಪಿಗೆ ಸಿಕ್ಕಿತು. ಒಂದು, ಚೌಕದ ಫ್ಲೆಕ್ಸ್. ಭಾಯ್ ವಾಢದಿವಸದ (ಹುಟ್ಟುಹಬ್ಬದ) ಬ್ಯಾನರಿನಲ್ಲಿ ಕೆಳಗೆ ಸಣ್ಣ ಸಣ್ಣ ಫೋಟೊಗಳಿರುತ್ತವಲ್ಲ, ಆ ಹುಡುಗರಿಗೆ ಅದೇ ಮೊದಲ ಸರ್ಟಿಫಿಕೇಟು. ಪರವಾನಗಿ ಇಲ್ಲದ ಬ್ಯಾನರ್ ತೆಗೆಯಿರಿ ಅಂತ ಬಾಂಬೆ ಹೈಕೋರ್ಟ್ 2017ರಲ್ಲೇ ಹೇಳಿದೆ. ವಾರ್ಡ್ ಆಫೀಸಿಗೆ ಅರ್ಜಿ ಬರೆದಿದ್ದೇವೆ. ನಮ್ಮವರ ಅಂಗಡಿಗಳೂ ಅಂಥ ಬ್ಯಾನರಿಗೆ ದುಡ್ಡು ಕೊಡಬಾರದು, "ಶುಭೇಚ್ಛುಕ" ಅಂತ ಹೆಸರು ಹಾಕಿಸಿಕೊಳ್ಳಬಾರದು. ಯಾರ್ಯಾರು ಹಾಕಿಸಿಕೊಂಡಿದ್ದೀರಿ ಅಂತ ಚೌಕದಲ್ಲೇ ಕಾಣುತ್ತಿದೆ, ಇಲ್ಲಿ ಬರೆಯೋಲ್ಲ.

ಎರಡನೆಯದಕ್ಕೆ ಅರ್ಧ ಒಪ್ಪಿಗೆ. ಮೊದಲ ಸಲ, ಸಣ್ಣ ಕೇಸಿನಲ್ಲಿ ಸಿಕ್ಕ ನಮ್ಮ ಕಡೆಯ ಹುಡುಗರಿಗೆ ಜಾಮೀನು ನಿಲ್ಲುವವರ ಒಂದು ಪಟ್ಟಿ ಮಾಡೋಣ ಅಂದೆ. ಕಸ್ಟಡಿಯಲ್ಲಿ ಇರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ, ಅದು 1987ರ ಕಾಯ್ದೆಯಲ್ಲೇ ಇದೆ. ಜಾಮೀನುದಾರನನ್ನು ಮಾತ್ರ ನಾವೇ ಕೊಡಬೇಕು. ಶಾಲೆಯ ಅಕ್ಕ ಕೂಡಲೇ ಹೆಸರು ಬರೆಸಿದರು, ಸಂಜೆ ಪಾಠಕ್ಕೆ ತಮ್ಮ ಮನೆಯ ಹಾಲ್ ಕೊಡುತ್ತೇನೆ ಅಂತಲೂ ಅಂದರು. ಕಾಕಾ ಒಪ್ಪಿಲ್ಲ. ಹುಡುಗ ಓಡಿಹೋದರೆ ನನ್ನ ಮನೆ ಹರಾಜು ಆಗ್ತದಲ್ಲ ಅಂತ ಅವರ ಭಯ. ಬ್ಯಾಂಕಿನಲ್ಲಿ ಜನ್ಮವಿಡೀ ಜಾಮೀನುದಾರರನ್ನು ಬೆನ್ನಟ್ಟಿದವರು, ಅವರ ಭಯ ನನಗೆ ಅರ್ಥವಾಗುತ್ತದೆ. ಬಾಂಡಿನಲ್ಲಿ ಬರೆದ ಮೊತ್ತಕ್ಕೆ ಮಾತ್ರ ಹೊಣೆ ಅಂತ ನಾನು ಹೇಳಿದ್ದು ಅವರಿಗೆ ಸಾಲಲಿಲ್ಲ. ಹಾಗಾಗಿ ಬರುವ ಭಾನುವಾರ ಸಂಜೆ ಐದಕ್ಕೆ ಒಬ್ಬ ವಕೀಲರನ್ನು ಕರೆಸಿದ್ದೇವೆ. ಪ್ರಶ್ನೆ ಇರುವವರು ಬನ್ನಿ. ಮನೆಯ ತೆರಿಗೆ ರಸೀದಿಯ ಜೆರಾಕ್ಸ್ ತಂದರೆ ಇನ್ನೂ ಒಳ್ಳೆಯದು.