ಏನು ಕೆಲಸ ಮಾಡ್ತೀಯಮ್ಮ?

ಕಾಲಿನ ಗಾಯ ಕೀವು ತುಂಬಿ ಹದಿನೈದು ದಿನ ಆಗಿತ್ತು. ರಾತ್ರಿಯೆಲ್ಲ ರಸ್ತೆ ಬದಿ ನಿಂತು ಗಿರಾಕಿಗೆ ಕಾಯುವವಳಿಗೆ ಗಾಯ ಒಣಗುವುದಾದರೂ ಹೇಗೆ? ಅಂತೂ ನನ್ನ ಜೊತೆ ಆಸ್ಪತ್ರೆಗೆ ಬರಲು ಒಪ್ಪಿದಳು. ಚೀಟಿ ಮಾಡಿಸುವಾಗ ‘ಏನು ಕೆಲಸ ಮಾಡ್ತೀಯಮ್ಮ?’ ಅಂತ ಕೇಳಿದರು. ‘ಮನೆಗೆಲಸ’ ಅಂದಳು. ಡಾಕ್ಟರ ಹತ್ತಿರವಾದರೂ ನಿಜ ಹೇಳಿಬಿಡು, ಒಳ್ಳೆಯದಾಗುತ್ತೆ ಅಂತ ಬುದ್ಧಿ ಹೇಳಿದವಳು ನಾನು. ಹೇಳಿದಳು. ಆಮೇಲೆ ಆ ಕಾಲು ಯಾರಿಗೂ ಬೇಕಾಗಲಿಲ್ಲ. ಅವಳನ್ನು ಒಂದು ಮಾತೂ ಕೇಳದೆ ಎಚ್‌ಐವಿ ಟೆಸ್ಟಿಗೆ ಬರೆದರು. ಡ್ರೆಸ್ಸಿಂಗ್ ಮಾಡಬೇಕಿದ್ದ ಸಿಸ್ಟರ್ ಒಂದರ ಮೇಲೊಂದು ಗ್ಲೌಸ್ ಹಾಕಿಕೊಂಡು, ಹತ್ತಿಯನ್ನು ಅವಳ ಕೈಗೇ ಕೊಟ್ಟು ‘ನೀನೇ ಒರೆಸ್ಕೋ’ ಅಂದರು.

‘ನೀವು ಹೇಳು ಅಂದ್ರಿ ಅಂತ ಹೇಳಿದ್ನಲ್ಲಕ್ಕಾ’ ಅಂದಳು ಹೊರಗೆ ಬಂದು. ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರ ಆಗ್ತಿತ್ತೇನೋ.

‘ಆಸ್ಪತ್ರೆ ಇದೆಯಲ್ಲ, ಅವರೇ ಬರೋದಿಲ್ಲ’ ಅನ್ನುವವರಿಗೆ ಇದನ್ನು ಬರೆಯುತ್ತಿದ್ದೇನೆ. ಬರ್ತಾರೆ. ಒಂದು ಸಲ ಬರ್ತಾರೆ.

ಬೀದಿಯಲ್ಲಿ ಲೈಂಗಿಕ ವೃತ್ತಿ ಮಾಡುವ ಹೆಂಗಸಿಗೂ ಬಿಪಿ ಬರುತ್ತೆ, ಹಲ್ಲು ನೋಯುತ್ತೆ, ಬಸಿರಾಗುತ್ತೆ, ಟಿಬಿ ತಗಲುತ್ತೆ, ನಿದ್ದೆ ಹತ್ತದೆ ತಲೆ ಕೆಡುತ್ತೆ. ಆದರೆ ಅವಳಿಗಾಗಿ ಏನಾದರೂ ಯೋಜನೆ ಅಂತ ಆದರೆ ಅದು ಸೊಂಟದ ಕೆಳಗಿನದ್ದು ಮಾತ್ರ. ಅದೂ ಅರೆಬರೆ. ಎಚ್‌ಐವಿ ಪರೀಕ್ಷೆ ಮಾಡುವ ಜಾಗದಲ್ಲೇ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನೂ ಮಾಡೋಣ ಅಂತ ಎಷ್ಟು ಕಡೆ ಹೊಳೆದಿದೆ? ಎಚ್‌ಐವಿ ಇರುವ ಹೆಂಗಸರಿಗೆ ಆ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು 6 ಪಟ್ಟು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಅವಳ ಕಾಯಿಲೆಗಿಂತ ಅವಳಿಂದ ಬರುವ ಕಾಯಿಲೆಯದ್ದೇ ಚಿಂತೆ. ಈ ಬುದ್ಧಿ ಹಳೆಯದು. 1864ರಲ್ಲಿ ಬ್ರಿಟನ್ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಸೈನಿಕರ ಪಾಳೆಯವಿರುವ ಊರುಗಳಲ್ಲಿ ಪೊಲೀಸರು ಲೈಂಗಿಕ ವೃತ್ತಿಯವಳು ಅಂತ ಅನುಮಾನ ಬಂದ ಹೆಂಗಸನ್ನು ಹಿಡಿದು ಬಲವಂತದ ತಪಾಸಣೆಗೆ ಒಡ್ಡಬಹುದಿತ್ತು, ರೋಗ ಕಂಡರೆ ‘ಲಾಕ್ ಆಸ್ಪತ್ರೆ’ ಅನ್ನುವ ಲೈಂಗಿಕ ರೋಗಗಳ ಆಸ್ಪತ್ರೆಯಲ್ಲಿ ಕೂಡಿಹಾಕಬಹುದಿತ್ತು. ಸೈನಿಕರಿಗೆ ಆ ತಪಾಸಣೆ ಇರಲಿಲ್ಲ. ಅಲ್ಲಿನ ಸಮಾಜ ಸುಧಾರಕಿ ಜೋಸೆಫೀನ್ ಬಟ್ಲರ್ ಮತ್ತು ಜೊತೆಗಾರರು ವರ್ಷಗಟ್ಟಲೆ ಹೋರಾಡಿ 1886ರಲ್ಲಿ ಕಾಯ್ದೆ ರದ್ದಾಯಿತು. ಕಾಗದದ ಮೇಲೆ.

ಬೇರೆ ದಾರಿ ಇಲ್ಲವೇ ಅಂದರೆ, ಇದೆ. 1992ರಲ್ಲಿ ಡಾ. ಸ್ಮರಜಿತ್ ಜಾನಾ ಕೋಲ್ಕತ್ತದ ಕೆಂಪುದೀಪ ಪ್ರದೇಶ ಸೋನಾಗಾಚಿಯಲ್ಲಿ ಎಚ್‌ಐವಿ ತಡೆಯುವ ಕೆಲಸ ಶುರುಮಾಡಿದಾಗ ಮನೆಮನೆಗೆ ಹೋಗಿ ಮಾತಾಡಿದವರು ಲೈಂಗಿಕ ವೃತ್ತಿಯಲ್ಲೇ ಇದ್ದ ಹೆಂಗಸರು. ಕಾಂಡೋಮ್ ಮಾತಿನ ಜೊತೆಗೆ ಪೊಲೀಸ್ ಕಾಟ, ಬಡ್ಡಿ ಸಾಲ, ಮಕ್ಕಳ ಓದು ಎಲ್ಲ ಬಂತು. ಅವರೇ ಸಂಘ ಕಟ್ಟಿದರು, 1995ರಲ್ಲಿ ತಮ್ಮದೇ ಸಹಕಾರಿ ಸಂಘ ಮಾಡಿಕೊಂಡು ಉಳಿತಾಯ ಶುರುಮಾಡಿದರು. ಕೈಯಲ್ಲಿ ನಾಲ್ಕು ಕಾಸಿದ್ದರೆ ತಾನೇ ‘ಕಾಂಡೋಮ್ ಬೇಡ’ ಅನ್ನುವ ಗಿರಾಕಿಗೆ ‘ಹಾಗಾದರೆ ನೀನೂ ಬೇಡ’ ಅನ್ನಲಿಕ್ಕೆ ಆಗೋದು!

ಕಾಂಡೋಮಿನ ವಿಷಯದಲ್ಲಂತೂ ನಗಬೇಕೋ ಅಳಬೇಕೋ. ಆರೋಗ್ಯ ಇಲಾಖೆ ಪುಕ್ಕಟೆ ಹಂಚುತ್ತದೆ, ಪೊಲೀಸರು ಬ್ಯಾಗಿನಲ್ಲಿ ಅದೇ ಸಿಕ್ಕಿತು ಅಂತ ಸಾಕ್ಷಿ ಮಾಡುತ್ತಾರೆ. ನ್ಯೂಯಾರ್ಕಿನಂಥ ನಗರದಲ್ಲೂ ಇದು ನಡೆಯುತ್ತಿತ್ತು ಅಂತ ಮಾನವ ಹಕ್ಕುಗಳ ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್ 2012ರಲ್ಲಿ ಬರೆದಿತ್ತು. ಇನ್ನು 2014ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಕೆನಡಾದ ವ್ಯಾಂಕೂವರ್, ಕೀನ್ಯಾದ ಮೊಂಬಾಸಾ, ನಮ್ಮ ಬಳ್ಳಾರಿ ಮೂರರ ಲೆಕ್ಕ ಹಾಕಿ, ಲೈಂಗಿಕ ವೃತ್ತಿಯನ್ನು ಅಪರಾಧದ ಪಟ್ಟಿಯಿಂದ ತೆಗೆದರೆ ಹತ್ತು ವರ್ಷದಲ್ಲಿ ಶೇ. 33ರಿಂದ 46ರಷ್ಟು ಎಚ್‌ಐವಿ ಸೋಂಕು ತಪ್ಪಿಸಬಹುದು ಅಂದಿತು. ಔಷಧಿ ಕಂಪನಿ ಇಂಥದ್ದೊಂದು ಮಾತ್ರೆ ಕಂಡುಹಿಡಿದಿದ್ದರೆ ಮುಖಪುಟದ ಸುದ್ದಿ ಆಗ್ತಿತ್ತು.

ಅಷ್ಟು ದೊಡ್ಡದು ಆಗುವಾಗ ಆಗಲಿ, ಸಣ್ಣದನ್ನಾದರೂ ಮಾಡಬಹುದಲ್ಲ. ಬೆಳಗಿನ ಜಾವ ಮಲಗುವವಳಿಗೆ ಬೆಳಿಗ್ಗೆ ಮಾತ್ರ ತೆರೆಯುವ ಓಪಿಡಿ ಇದ್ದೂ ಇಲ್ಲದ ಹಾಗೆ. ಆ ಕಾಲು ವಾಸಿಯಾಗಿದ್ದು ಸಂಜೆ ಹೊತ್ತು ಅವರು ನಿಲ್ಲುವ ಕಡೆಗೇ ಬರುತ್ತಿದ್ದ ವ್ಯಾನಿನಲ್ಲಿ. ಅಲ್ಲಿ ಹೆಸರು ಕೂಡ ಕಡ್ಡಾಯ ಇರಲಿಲ್ಲ. ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಆರಂಭದ ಹಂತದಲ್ಲಿದ್ದರೆ ಅದಕ್ಕೆ ಪೆನ್ಸಿಲಿನ್‌ನ ಒಂದೇ ಡೋಸ್ ಸಾಕು, ಅಂಥ ವ್ಯಾನಿನಲ್ಲೇ ಕೊಡಬಹುದು. ಗುರುತಿನ ಚೀಟಿ ತಾ, ಗಂಡನ ಹೆಸರು ಹೇಳು, ನಾಳೆ ಬಾ ಅನ್ನುವಷ್ಟರಲ್ಲಿ ಅವಳು ಬೇರೆ ಊರು ಸೇರಿರುತ್ತಾಳೆ.

ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ಅತ್ಯಾಚಾರ ಆದಾಗ. ‘ಇವಳಿಗೆ ಎಂಥ ಅತ್ಯಾಚಾರ’ ಅನ್ನುವ ನಗು ಒಂದು ಕಡೆ, ‘ಮೊದಲು ಪೊಲೀಸ್ ಕಂಪ್ಲೇಂಟ್ ತಾ’ ಅನ್ನುವ ಜವಾಬು ಇನ್ನೊಂದು ಕಡೆ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಆಮೇಲೆ 28 ದಿನ ಬಿಡದೆ ನುಂಗಬೇಕು. ಶನಿವಾರ ರಾತ್ರಿ ಹನ್ನೊಂದಕ್ಕೆ ಪೆಟ್ಟು ತಿಂದು ಬಂದವಳಿಗೆ ‘ಸೋಮವಾರ ಹತ್ತು ಗಂಟೆಗೆ ಬಾ’ ಅಂದರೆ, ಅದರಲ್ಲಿ 35 ಗಂಟೆ ಬಾಗಿಲ ಹೊರಗೇ ಮುಗಿದಿರುತ್ತದೆ.