ಸಹಿ ಹಾಕುವ ಮೊದಲು ಟೈಮ್ ನೋಡಿ

ನನ್ನ ಸ್ನೇಹಿತನ ತಮ್ಮನನ್ನು ರಾತ್ರಿ 9 ಗಂಟೆಗೆ "ಸುಮ್ನೆ ವಿಚಾರಣೆ, ಅರ್ಧ ಗಂಟೇಲಿ ಕಳಿಸ್ತೀವಿ" ಅಂತ ಠಾಣೆಗೆ ಕರೆದುಕೊಂಡು ಹೋದರು. ಮೊಬೈಲ್ ತೆಗೆದಿಟ್ಟುಕೊಂಡರು. ರಾತ್ರಿಯೆಲ್ಲ ಬೆಂಚಿನ ಮೇಲೆ ಕೂತಿದ್ದ. ಆಮೇಲೆ ನಮ್ಮ ಕೈಗೆ ಸಿಕ್ಕ ಅರೆಸ್ಟ್ ಮೆಮೊ (ಬಂಧನದ ವಿವರ ಬರೆದ ಪೊಲೀಸ್ ಕಾಗದ) ನೋಡಿದರೆ, ಬಂಧಿಸಿದ ಸಮಯ ಮರುದಿನ ಸಂಜೆ 6 ಗಂಟೆ! ನಡುವಿನ 21 ಗಂಟೆ ಕಾಗದದಲ್ಲಿ ಇಲ್ಲವೇ ಇಲ್ಲ. ಕೆಳಗೆ ಅವನದೇ ಸಹಿ. ಓದಿರಲಿಲ್ಲ. ಹೆದರಿ ಕೂತವನು ಎಲ್ಲಿ ಓದುತ್ತಾನೆ?

ಈ ಟೈಮ್ ಯಾಕೆ ಮುಖ್ಯ ಅಂದರೆ, ಸಂವಿಧಾನದ 22ನೇ ವಿಧಿ ಪ್ರಕಾರ ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು. ಮೆಮೊದಲ್ಲಿ ಟೈಮ್ ಮುಂದೆ ತಳ್ಳಿದರೆ ಆ 24 ಗಂಟೆಗೆ ಅರ್ಥವೇ ಇಲ್ಲ. ಎದ್ದು ಹೋಗಲು ಬಿಡದೆ ಕೂರಿಸಿಕೊಂಡ ಮೇಲೆ ಅದಕ್ಕೆ ವಿಚಾರಣೆ ಅಂತ ಹೆಸರಿಟ್ಟರೂ ಅದು ಬಂಧನವೇ ಅಲ್ವಾ?

ಮೆಮೊಗೆ ಮನೆಯವರೊಬ್ಬರದೋ ಊರಿನ ಗಣ್ಯರೊಬ್ಬರದೋ ಸಾಕ್ಷಿ ಸಹಿ ಇರಬೇಕು. 1996ರಲ್ಲೇ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು, ಈಗ 2024ರ ಜುಲೈಯಿಂದ ಹಳೆಯ ಸಿಆರ್‌ಪಿಸಿ ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಸೆಕ್ಷನ್ನಿನಲ್ಲೂ ಇದೆ. ಟೈಮ್ ತಪ್ಪಾಗಿದ್ದರೆ ಸಹಿ ಪಕ್ಕದಲ್ಲೇ ಸರಿಯಾದ ಟೈಮ್ ಬರೆಯಿರಿ. ಬರೆಯಲು ಬಿಡದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಬಾಯಿಬಿಟ್ಟು ಹೇಳಿ. ಖಾಲಿ ಹಾಳೆಗೆ ಮಾತ್ರ ಸಹಿ ಬೇಡವೇ ಬೇಡ.

ಯಾಕೆ ಬಂಧಿಸುತ್ತಿದ್ದೀರಿ ಅಂತ ಕೇಳುವುದು ಉದ್ಧಟತನ ಅಲ್ಲ. ಕಾರಣವನ್ನು ನಮಗೆ ಅರ್ಥವಾಗುವ ಭಾಷೆಯಲ್ಲಿ ಬರೆದೇ ಕೊಡಬೇಕು ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಲಾಯರ್‌ಗೆ ದುಡ್ಡಿಲ್ಲ ಅಂದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಕಸ್ಟಡಿಯಲ್ಲಿರುವವರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಆದಾಯ ಎಷ್ಟೇ ಇರಲಿ. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವ ಹಾಗಿಲ್ಲ. ತೀರಾ ಅನಿವಾರ್ಯ ಅಂದರೂ ಮಹಿಳಾ ಪೊಲೀಸ್ ಅಧಿಕಾರಿಯೇ ಮೊದಲು ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು.

"ತಪ್ಪು ಮಾಡಿದವನಿಗೆ ಎಂಥ ಹಕ್ಕು?" ಅಂತ ತುಂಬಾ ಜನ ಕೇಳುತ್ತಾರೆ. ನನಗೆ ಸಿಟ್ಟು ಬರುವುದೇ ಇಲ್ಲಿ. ತಪ್ಪು ಮಾಡಿದ್ದಾನೋ ಇಲ್ಲವೋ ಅಂತ ಹೇಳಬೇಕಾದದ್ದು ಕೋರ್ಟು. ಆ ರಾತ್ರಿ ಬೆಂಚಿನ ಮೇಲೆ ಕೂತವನ ಬಗ್ಗೆ ಯಾರೂ ಇನ್ನೂ ಏನೂ ತೀರ್ಮಾನಿಸಿರಲಿಲ್ಲ.

ಮನೆಯವರಿಗೆ ಒಂದು ಮಾತು. ಕರೆದುಕೊಂಡು ಹೋದ ತಕ್ಷಣ ಗಂಟೆ, ಠಾಣೆ, ಬಂದವರ ಎದೆ ಮೇಲಿನ ಹೆಸರು, ಇಷ್ಟನ್ನು ಯಾರಿಗಾದರೂ ಮೆಸೇಜ್ ಹಾಕಿಡಿ. "ತಮ್ಮನ್ನ ಸ್ಟೇಷನ್ನಿಗೆ ಕರ್ಕೊಂಡು ಹೋದ್ರು ಕಣೋ" ಅಂತ ಸ್ನೇಹಿತ ನನಗೆ ಹಾಕಿದ ಮೆಸೇಜಿನ ಕೆಳಗೆ ರಾತ್ರಿ 9.20 ಅಂತ ಇದೆ. ಅದರ ಪ್ರಿಂಟ್ ಈಗ ಲಾಯರ್ ಫೈಲಿನಲ್ಲಿದೆ.